ಅಕ್ಕನ ಎಡಗೈ

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದ ಗಡಿಯಾರ ರಿಪೇರಿಯವನು ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕನಿಗೆ ಹೀಗಾಯ್ತಂತೆ, ಕೇಳಿ ಬೇಜಾರಾಯ್ತು. ನೀವಾದ್ರೂ ಹುಷಾರಾಗಿದ್ದೀರಲ್ಲ. ಮೂರ್ಛೆ ಬರೋದು ನಿಂತಿದ್ಯಾ ಈಗ?" ಎಂದು ಕೇಳಿದ.

ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ತಂಗಿಗೆ ಜನ್ಮದಲ್ಲೇ ಮೂರ್ಛೆ ಬಂದಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳನ್ನು ಮದುವೆಯಾಗುತ್ತೇನೆಂದು ಹೇಳಿ, ಆಮೇಲೆ ಇತ್ತ ತಲೆ ಹಾಕುವುದನ್ನೇ ಬಿಟ್ಟವನು ಇವನು. "ಅವತ್ತು ನಿಮ್ಮ ಅಕ್ಕನೇ ಅಂಗಡಿಗೆ ಬಂದು ಹೇಳಿದ್ರಲ್ಲ, ನಮ್ಮನೇಲಿ ಹೆದರಿಬಿಟ್ರು" ಎಂದು ಅವನು ಪಾಪ, ಮಾಮೂಲು ಮಾತಿನಂತೆ ಹೇಳಿ ಪ್ಯಾಂಟಿನ ಚೀಲ ಹಿಡಿದು ಮೆಟ್ಟಿಲಿಳಿದ.

ಅವಳು ಕತ್ತರಿ ಕೆಳಗಿಟ್ಟು ಒಳಗಿನ ಕೋಣೆಗೆ ನುಗ್ಗಿದಳು. ಅಲ್ಲಿ ಕಂಬಿ ಹಾಕಿದ ಮಂಚದ ಮೇಲೆ ಅಕ್ಕ ಮಲಗಿದ್ದಳು. ಇಡೀ ಶಾಲೆಯನ್ನು ಗದರಿಸಿಕೊಂಡು ಆಳಿದ ಮುಖ್ಯೋಪಾಧ್ಯಾಯಿನಿಗೆ ಹೋದ ತಿಂಗಳು ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಮಾತಿನ ಜೊತೆ ಬರೆಯುವ ಶಕ್ತಿಯೂ ಅಳಿದಿತ್ತು. ಯಾಕೆ ಹಾಗೆ ಹೇಳಿದೆ ಎಂದು ಕೇಳೋಣವೆಂದರೆ ಉತ್ತರ ಕೊಡುವ ಬಾಯೇ ಇರಲಿಲ್ಲ. ಉತ್ತರ ಕೇಳುವವಳಿಗೂ ಗೊತ್ತಿತ್ತು. ತಂಗಿ ಮದುವೆಯಾಗಿ ಹೋದರೆ ಅಕ್ಕನಿಗೆ ಬೇಯಿಸಿ ಹಾಕುವವರು ಯಾರು?

ಕೊಲ್ಲುವ ಯೋಚನೆ ಬರಲಿಲ್ಲವೆಂದಲ್ಲ. ಬಂತು, ಅಗ್ಗವೆನಿಸಿತು. ಅಕ್ಕ ಬದುಕಬೇಕು, ನೂರು ವರ್ಷ ಬದುಕಬೇಕು, ಇದೇ ಮಂಚದ ಮೇಲೆ, ಇದೇ ಗೋಡೆ ನೋಡುತ್ತ. ತನ್ನನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸಿಟ್ಟ ಹಾಗೆಯೇ. ಹಾಗೆಂದು ನಿಶ್ಚಯಿಸಿದ ಮೇಲೆ ಅವಳಿಗೆ ಬಹಳ ದಿನಗಳ ನಂತರ ಚೆನ್ನಾಗಿ ಹಸಿವಾಯಿತು.

ಅದೇ ವಾರ ಮನೆಗೆ ಬರತೊಡಗಿದ ಫಿಸಿಯೋಥೆರಪಿ ಮೇಡಂ ಬಾಯಿಂದಲೇ ಅವಳು ವಿದ್ಯೆಯನ್ನೆಲ್ಲ ಕಲಿತಳು. ಆಕೆ ರೋಗಿಯ ಮನೆಯವರಿಗೆ ಬಿಡಿಸಿ ಬಿಡಿಸಿ ಹೇಳುವ ಪೈಕಿ. "ಎಣ್ಣೆ ಹಚ್ಚಿ ತಿಕ್ಕೋದು ಅಂದ್ಕೋಬೇಡಿ. ಕೈ ಕೆಟ್ಟಿಲ್ಲ, ಮಿದುಳಿಂದ ಕೈಗೆ ಬರೋ ದಾರಿ ಕೆಟ್ಟಿದೆ. ದಿನಾ ಕೈಗೆ ವ್ಯಾಯಾಮ ಮಾಡಿಸಿದ್ರೆ ಹೊಸ ದಾರಿ ಬೀಳುತ್ತೆ. ಮೊದಲಿನ ಥರಾನೇ ಆಗ್ತಾರೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಬೆರಳು ಸ್ವಲ್ಪ ಮಿಸುಕ್ತಿದೆ ನೋಡಿ, ಅದು ಒಳ್ಳೇದು. ಈ ಮೊದಲ ಕೆಲವು ತಿಂಗಳು ಕೈಬಿಡಬಾರದು, ಆಮೇಲೆ ಸುಧಾರಣೆ ಬಹಳ ನಿಧಾನ. ನಾನು ವಾರಕ್ಕೊಂದು ಸಲ ಬರೋಳು. ಉಳಿದ ದಿನ ಎಲ್ಲಾ ನಿಮ್ಮ ಮೇಲಿದೆ."

"ಮಾಡಿಸದೇ ಇದ್ರೆ ಏನಾಗುತ್ತೆ ಮೇಡಂ?" ತಂಗಿ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು.

"ಕೀಲು ಬಿಗಿದುಕೊಳ್ಳುತ್ತೆ, ಭುಜ ನೋಯುತ್ತೆ. ಕೆಲಸ ಇಲ್ಲದ ಕೈನ ಮಿದುಳು ಮರೆತೇಬಿಡುತ್ತೆ."

ಅಷ್ಟು ಸಾಕಿತ್ತು. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ಏನೂ ಮಾಡದಿರುವುದೇ ಕೆಲಸ. ಇದಕ್ಕಿಂತ ಹಗುರವಾದ ಅಪರಾಧ ಲೋಕದಲ್ಲಿ ಇರಲಾರದೆಂದು ಅವಳಿಗೆ ಹೆಮ್ಮೆಯಾಯಿತು. ಮೇಡಂ ಬರುವ ದಿನ ಬೆಳಿಗ್ಗೆ ಮಾತ್ರ ಬಿಸಿನೀರಿನ ಬಟ್ಟೆಯಿಂದ ಆ ತೋಳನ್ನು ಒರೆಸಿ, ನಾಲ್ಕು ಸಲ ಮಡಚಿ ಬಿಡಿಸಿ ಬಿಗಿತ ಕಾಣದಂತೆ ಮಾಡಿಡುತ್ತಿದ್ದಳು. "ದಿನಾ ಬಿಡದೆ ಮಾಡಿಸ್ತೀನಿ ಮೇಡಂ" ಎನ್ನುವಾಗ ದನಿ ಸರಿಯಾಗಿ ದಣಿದಿರುತ್ತಿತ್ತು.

ಅಡ್ಡಗಾಲು ಹಾಕಿದ್ದು ಅಕ್ಕನೇ. ಒಳ್ಳೆಯ ಕೈಯಿಂದ ಸೋತ ಕೈಯನ್ನು ಹಿಡಿದು ಮೇಲೆತ್ತುವುದನ್ನು ಮೇಡಂ ಅವಳಿಗೆ ಹೇಳಿಕೊಟ್ಟಿದ್ದರು. ಮಲಗಿದಲ್ಲೂ ಮುಖ್ಯೋಪಾಧ್ಯಾಯಿನಿಯಲ್ಲವೇ, ಬೆಳಗಿನಿಂದ ಸಂಜೆಯವರೆಗೆ ಹಲ್ಲು ಕಚ್ಚಿ ಅದನ್ನೇ ಮಾಡುತ್ತಿದ್ದಳು. ಅಕ್ಕನ ಈ ಹಟವನ್ನು ತಂಗಿ ಜೀವಮಾನವೆಲ್ಲ ಉಂಡಿದ್ದಳು. ಆ ಎಡಗೈಯನ್ನು ಕಟ್ಟಿಹಾಕುವುದೊಂದೇ ದಾರಿ.

ಹಗ್ಗ ಕಲೆ ಬೀಳಿಸುತ್ತದೆ, ಪಟ್ಟಿ ಒತ್ತುತ್ತದೆ. ಅವಳು ಹಳೆಯ ಟವೆಲ್ ಸೀಳಿ, ಒಳಗೆ ಹತ್ತಿ ತುಂಬಿ, ಅಂಚು ಮಡಚಿ ಹೊಲಿದಳು. ಗಿರಾಕಿಗಳ ಬಟ್ಟೆಗೂ ಅಷ್ಟು ಮುತುವರ್ಜಿ ವಹಿಸಿದವಳಲ್ಲ. ಬೆಳಿಗ್ಗೆ ತಿನ್ನಿಸಿ ಒರೆಸಿದ ಮೇಲೆ ಎಡ ಮಣಿಕಟ್ಟನ್ನು ಮಂಚದ ಕಂಬಿಗೆ ಕಟ್ಟುವುದು, ಯಾರಾದರೂ ಬಾಗಿಲು ತಟ್ಟಿದರೆ ಬಿಚ್ಚಿ ದಿಂಬಿನ ಚೀಲದೊಳಗೆ ತುರುಕುವುದು. ಚರ್ಮದ ಮೇಲೆ ಒಂದು ಗೆರೆಯೂ ಉಳಿಯುತ್ತಿರಲಿಲ್ಲ. ಸಾಲದೆಂಬಂತೆ ನೀರಿನ ಲೋಟವನ್ನು ಸೋತ ಕೈಯ ಪಕ್ಕ ಸ್ಟೂಲಿನ ಮೇಲಿಟ್ಟು, "ಬೇಕಾದ್ರೆ ತಗೊಂಡು ಕುಡಿ. ನಂಗೆ ಮೂರ್ಛೆ ಬಂದಿದೆ, ಏಳಕ್ಕಾಗಲ್ಲ" ಎಂದು ಹೋಗಿ ಯಂತ್ರ ತುಳಿಯತೊಡಗುತ್ತಿದ್ದಳು. ಆ ಮಾತು ಹೇಳಿದಾಗಲೆಲ್ಲ ಅವಳ ಎದೆ ತಣ್ಣಗಾಗುತ್ತಿತ್ತು.

ಕೆಲವು ವಾರಗಳ ನಂತರ ಲೋಟ ನೆಲಕ್ಕೆ ಬೀಳತೊಡಗಿತು. ಭುಜದಿಂದ ನೂಕಿ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆಂದು ತಂಗಿ ನಕ್ಕು, ನೆಲ ಒರೆಸಿ, ಮತ್ತೆ ತುಂಬಿಸಿಟ್ಟಳು. ಇನ್ನೊಂದು ದಿನ ಲೋಟ ನಿಂತಲ್ಲೇ ಅರ್ಧ ಖಾಲಿಯಾಗಿತ್ತು, ಅಕ್ಕನ ಕೊರಳು ಒದ್ದೆಯಾಗಿತ್ತು. ಬೆಕ್ಕಿನ ಕಾಟ ಜಾಸ್ತಿಯಾಯಿತೆಂದು ಕಿಟಕಿ ಮುಚ್ಚಿದಳು.

ಮೇಡಂ ಬಂದಾಗ ಅಕ್ಕ ಅಳುತ್ತಿದ್ದಳು, ಎಡಗೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು, ಮಂಚ ಬಡಿಯುತ್ತಿದ್ದಳು, ತಂಗಿಯತ್ತ ತೋರಿಸುತ್ತಿದ್ದಳು. ಆ ರಂಪದಲ್ಲಿ ಬಲಗೈಯನ್ನು ಸರಿಯಾಗಿ ಪರೀಕ್ಷಿಸಲು ಮೇಡಂಗೆ ಆಗುತ್ತಿರಲಿಲ್ಲ. "ನನ್ನ ಬಿಟ್ಟು ಇರಲ್ಲ ಮೇಡಂ, ಪಕ್ಕದಲ್ಲೇ ಕೂತ್ಕೋ ಅಂತಾಳೆ" ಎಂದು ತಂಗಿ ಅರ್ಥ ಹೇಳಿ ಕಣ್ಣೊರೆಸುತ್ತಿದ್ದಳು. ಈ ಕಾಯಿಲೆಯಲ್ಲಿ ಅಳು ಬೇಗ ಬರುತ್ತದೆಂದು ಮೇಡಂ ಸಮಾಧಾನ ಮಾಡುತ್ತಿದ್ದರು. ಫೋನಿನಲ್ಲಿ ಚಿಕ್ಕಮ್ಮ, "ನಿನ್ನಂಥ ತಂಗಿ ಸಿಗೋಕೆ ಅವಳು ಪುಣ್ಯ ಮಾಡಿದ್ಲು ಕಣೇ" ಎಂದಳು. ಎಲ್ಲವೂ ನೂಲು ಹಿಡಿದಂತೆ ನಡೆದಿತ್ತು.

ಮೇಡಂ ಹೇಳಿದ್ದ ಆ ತಿಂಗಳುಗಳು ಮುಗಿಯುತ್ತ ಬಂದವು. ಇವತ್ತು ಆಕೆ ಕೈಚೆಲ್ಲುತ್ತಾರೆ, ಇನ್ನು ಬಂದು ಪ್ರಯೋಜನವಿಲ್ಲ ಎನ್ನುತ್ತಾರೆ ಎಂದು ತಂಗಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಳು. ಮೇಡಂ ಕೈಚೆಲ್ಲಲಿಲ್ಲ. ಚೀಲದಿಂದ ದಪ್ಪ ಬಟ್ಟೆಯ ಕೈಗವಸೊಂದನ್ನು ತೆಗೆದು ಅಕ್ಕನಿಗೆ ತೋರಿಸಿದರು. "ಟೀಚರ್, ನೀವು ಒಪ್ಪಿದ್ರೆ ಇದನ್ನ ನಿಮ್ಮ ಒಳ್ಳೆ ಕೈಗೆ ಹಾಕಿಡೋಣ. ಒಳ್ಳೆ ಕೈನ ಕಟ್ಟಿಹಾಕಿದ್ರೆ ಸೋತ ಕೈ ಬೇರೆ ಗತಿಯಿಲ್ದೆ ಕೆಲಸ ಕಲಿಯುತ್ತೆ. ಇದೂ ಒಂದು ಚಿಕಿತ್ಸೇನೇ."

ಅಕ್ಕ ಆ ದಿನ ಅಳಲಿಲ್ಲ. ಅವಳ ಬಲಗೈ ಹಾಸಿಗೆಯ ಮೇಲೆ ನಡುಗುತ್ತ, ಜಾರುತ್ತ, ಹೊಟ್ಟೆಯನ್ನು ದಾಟಿ ಬಂತು. ಬೆರಳುಗಳು ಬಿಚ್ಚಿಕೊಂಡವು. ಎಡ ಮಣಿಕಟ್ಟನ್ನು ಹಿಡಿದು, ಕಂಬಿಯವರೆಗೆ ಎಳೆದೊಯ್ದು, ಅಲ್ಲೇ ಅದುಮಿ ಹಿಡಿದವು. ಕೈ ಎದ್ದಿತೆಂದು ಮೇಡಂ ಮುಖ ಮೊದಲು ಅರಳಿತು. ಆಮೇಲೆ ಆಕೆ ಕಂಬಿಯನ್ನು ನೋಡಿದರು, ಅಕ್ಕನ ಕಣ್ಣು ನೆಟ್ಟಿದ್ದ ಕಡೆ ನೋಡಿದರು, ತಂಗಿಯಿಂದ ಕಣ್ಣು ತೆಗೆಯದೆ ಫೋನು ಕೈಗೆತ್ತಿಕೊಂಡರು. "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದರು. ತಂಗಿ ಎಲ್ಲವನ್ನೂ ಯೋಚಿಸಿದ್ದಳು, ಇದೊಂದನ್ನು ಬಿಟ್ಟು. ಕೈ ಕಟ್ಟಿಹಾಕಿದ್ದಾರೆಂದು ಒಂದೇ ಕೈಯಿಂದ ತೋರಿಸಲಾಗುವುದಿಲ್ಲ, ಅದಕ್ಕೆ ಇನ್ನೊಂದು ಕೈ ಬೇಕು. ಅದನ್ನು ಎಬ್ಬಿಸಿ ಕೊಟ್ಟವಳು ಅವಳೇ.