ಹಳಿಯ ಮೇಲಿನ ಊಟದಂಗಡಿ

ತನ್ನ ಊಟದಂಗಡಿಯ ತಗಡಿನ ಗೋಡೆಗೆ ಯಾರೋ ಕೆಂಪು ಬಣ್ಣ ಬಳಿಯುತ್ತಿರುವುದನ್ನು ಕಂಡು ನಕುಂಡ್ವಾ ಸೌಟು ಹಿಡಿದೇ ಹೊರಗೆ ಬಂದಳು.

"ಏನ್ರೀ ಅದು?"

"ಕೆಡವೋ ಗುರುತು. ಅಂಗಡಿ ಹಳಿ ಮೇಲಿದೆ. ತೆಗೀಬೇಕು." ಬ್ರಷ್ ಹಿಡಿದವನು ತಲೆ ಎತ್ತಲಿಲ್ಲ. "ಮತ್ತೆ ರೈಲು ಬರುತ್ತೆ."

"ಮೊದಲು ಮುಖ ನೋಡಿ ಮಾತಾಡಿ."

ಅವನು ನೋಡಿದ. ಬ್ರಷ್ಷಿನ ಬಣ್ಣ ಅವನ ಬೂಟಿನ ಮೇಲೇ ತೊಟ್ಟಿಕ್ಕಿತು...

ಕೊರೊಗ್ವೆ ಊರಿಗೆ ಪ್ಯಾಸೆಂಜರ್ ರೈಲು ಬಂದು ಎಷ್ಟೋ ವರ್ಷಗಳಾಗಿದ್ದವು. ಅರುಷಾಕ್ಕೆ ಹೋಗುವ ಹಳಿ ಹುಲ್ಲಿನಲ್ಲಿ ಹೂತುಹೋಗಿತ್ತು. ಅದರ ಮೇಲೇ ಅಂಗಡಿ ಹಾಕಿ ತಾಯಿ ಅವಳನ್ನು ಬೆಳೆಸಿದ್ದಳು.

ಬಣ್ಣ ಬಳಿದವನು ಹೋಜಾ, ಹಳಿ ರಿಪೇರಿ ತಂಡದ ಮೇಸ್ತ್ರಿ. ಕೆಡವುವ ದಿನ ತಗಡು, ಬೆಂಚುಗಳನ್ನು ತಾನೇ ಹೊತ್ತು ಬಸ್ ನಿಲ್ದಾಣದ ಪಕ್ಕ ಅಂಗಡಿಯನ್ನು ಮತ್ತೆ ನಿಲ್ಲಿಸಿಕೊಟ್ಟ. ಆಮೇಲೆ ದಿನಾ ಅಲ್ಲೇ ಊಟ. ಉಗಾಲಿ ಮುದ್ದೆ ಮುಗಿದರೂ ಏಳುತ್ತಿರಲಿಲ್ಲ. ಅವನು ಬರುವ ಹೊತ್ತಿಗೆ ಮಗಳು ತಲೆವಸ್ತ್ರ ಸರಿಮಾಡಿಕೊಳ್ಳುವುದನ್ನು ತಾಯಿ ಗಮನಿಸಿದ್ದಳು.

"ಅಂಗಡಿ ಕೆಡವಿದೋನಿಗೆ ಮೀನಿನ ದೊಡ್ಡ ತುಂಡಾ?" ಎಂದು ಕಿಚಾಯಿಸುತ್ತಿದ್ದಳು.

ಕೊರೊಗ್ವೆಯ ಕೆಲಸ ಮುಗಿಯಿತು. ಹೊರಡುವ ಹಿಂದಿನ ದಿನ ಹೋಜಾ ಬಹಳ ಹೊತ್ತು ಚಹಾದ ಲೋಟ ತಿರುಗಿಸುತ್ತ ಕೂತ.

"ನೀನೂ ನಮ್ಮ ಜೊತೆ ಬಾ. ತಂಡಕ್ಕೆ... ಅಡುಗೆಗೆ ಜನ ಬೇಕು."

ನಕುಂಡ್ವಾಳ ಮುಖ ಬಾಡಿತು. ಇಷ್ಟು ದಿನ ಇವನು ಬಂದದ್ದು ನನ್ನ ಅಡುಗೆಗಾಗಿ ಮಾತ್ರವೇ?

"ನಾನು ಯಾರ ಕೂಲಿಗೂ ಬರಲ್ಲ," ಎಂದಳು.

ಅವನು ತಲೆ ತಗ್ಗಿಸಿ ಹೊರಟುಹೋದ.

ತಂಡ ಮೊಂಬೋ ದಾಟಿತಂತೆ, ಸಾಮೆ ಸೇರಿತಂತೆ ಎಂದು ಲಾರಿಯವರು ಹೇಳುತ್ತಿದ್ದರು. ಹಳಿ ಒಂದೊಂದು ಊರು ಮುಂದೆ ಹೋದಂತೆ ಅವನೂ ಒಂದೊಂದು ಊರು ದೂರವಾಗುತ್ತಿದ್ದ. ನಕುಂಡ್ವಾ ಸಂಜೆ ಹಳಿಯ ಬಳಿ ಹೋಗಿ, ಅವನು ಬಿಗಿದ ಬೋಲ್ಟುಗಳನ್ನು ನೋಡುತ್ತ ನಿಲ್ಲುತ್ತಿದ್ದಳು. ಫೋನ್ ಮಾಡಲು ಹೋಗಿ ಕೈ ಹಿಂದೆಗೆಯುತ್ತಿದ್ದಳು. ಬೇಕಿದ್ದರೆ ಅವನೇ ಮಾಡಲಿ... ಅವನು ಮಾಡಲಿಲ್ಲ.

ತಂಡದ ಹಿರಿಯ ಷೆಮ್ವೆಟಾ ರಜೆಗೆ ಊರಿಗೆ ಬಂದವನು ಊಟಕ್ಕೆ ಬಂದ. ನಡೆದದ್ದನ್ನು ಅವಳ ಬಾಯಿಂದಲೇ ಕೇಳಿ ತಟ್ಟೆ ಸರಿಸಿದ.

"ಅಡುಗೆಗೆ ಜನ ಬೇಕು ಅಂದ್ನಾ ಆ ಪೆದ್ದ? ಮದುವೆ ಆಗ್ತೀಯಾ ಅಂತ ಕೇಳೋಕೆ ಹೊರಟಿದ್ದ ಕಣಮ್ಮಾ. ನೀನು ಬೇಡ ಅಂದೆ ಅಂತ ಬಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟ."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು.

ಮೊದಲ ಪ್ಯಾಸೆಂಜರ್ ರೈಲು ಬಂದ ದಿನ ಇಡೀ ಊರೇ ನಿಲ್ದಾಣದಲ್ಲಿತ್ತು. ಮುದುಕಿಯರು ಬೋಗಿಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಅಂಗಡಿಯನ್ನು ತಾಯಿಗೆ ಒಪ್ಪಿಸಿ ನಕುಂಡ್ವಾ ಹತ್ತಿದಳು. ಕತ್ತಾಳೆ ತೋಟಗಳು, ಪಾರೆ ಬೆಟ್ಟಗಳು ಹಿಂದೆ ಸರಿದವು. ಅವನು ಬಿಗಿದ ಹಳಿಯೇ ನನ್ನನ್ನು ಅವನ ಹತ್ತಿರ ಒಯ್ಯುತ್ತಿದೆ ಎಂದುಕೊಂಡಳು.

ಹಳಿ ಪೂರ್ತಿಯಾದ ಮೇಲೂ ತಂಡ ಉಳಿದಿದ್ದ ಸಾಮೆಯಲ್ಲಿ ಹೋಜಾ ಬಗ್ಗಿ ರೈಲಿನ ಚಕ್ರಗಳನ್ನೇ ನೋಡುತ್ತಿದ್ದ. ಎದುರಿಗೆ ಅವಳ ಪಾದಗಳು ಬಂದು ನಿಂತಾಗ ನಿಧಾನ ಎದ್ದ.

"ಷೆಮ್ವೆಟಾ ಅಜ್ಜ ಎಲ್ಲಾ ಹೇಳಿದ್ರು," ಎಂದಳು ಅವಳು. "ಈಗ ಸರಿಯಾಗಿ ಕೇಳು."

ಅವನು ಗ್ರೀಸ್ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡ. "ನೀನಿಲ್ದೆ ನನ್ನ ಕೈಲಿ ಆಗ್ತಿಲ್ಲ ನಕುಂಡ್ವಾ. ಮದುವೆ ಆಗ್ತೀಯಾ?"

"ಹೂಂ."

ರೈಲು ಕೂಗಿ ಮೋಶಿಯ ಕಡೆ ಹೊರಟಿತು. ಅವನು ಅತ್ತ ತಿರುಗಿಯೂ ನೋಡಲಿಲ್ಲ.

"ವಾಪಸ್ ಹೋಗೋ ಟಿಕೆಟ್ ತಗೊಂಡಿದ್ದೀಯಾ?" ಎಂದು ಅಳುಕುತ್ತ ಕೇಳಿದ.

"ಇಲ್ಲ. ಅಮ್ಮನ್ನ ಕೇಳೋಕೆ ನೀನೂ ಬರಬೇಕಲ್ಲ... ಇಬ್ಬರಿಗೂ ಒಟ್ಟಿಗೆ ತಗೊಳ್ಳೋಣ."