ಎರಡನೇ ಭಾನುವಾರ ಓದದ ಪ್ರಕಟಣೆ

"ಹಾಡೋದು ನಿಲ್ಸಿ! ಬ್ರೇಕಿನ ಸದ್ದೇ ಕೇಳಿಸ್ತಿಲ್ಲ!"

ಆಸ್ಪತ್ರೆಯ ಐದನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲಿಗೆ ಕಿವಿಯಾನಿಸಿ ಅವಳು ಕೂಗಿದಳು. ಒಳಗೆ ಯಾರೋ ಸಿಕ್ಕಿಕೊಂಡು ಇಪ್ಪತ್ತು ನಿಮಿಷವಾಗಿತ್ತು. ಆ ಪುಣ್ಯಾತ್ಮ ಹೆದರಿಕೆಗೆ ಚರ್ಚಿನ ಕೀರ್ತನೆಯೊಂದನ್ನು ಗಂಟಲು ಹರಿಯುವಂತೆ ಹಾಡುತ್ತಿದ್ದ.

"ನಿಲ್ಸಿದ್ರೆ ಕಾಲು ನಡುಗುತ್ತೆ ಕಣ್ರೀ!"

"ನಡುಗ್ಲಿ ಬಿಡಿ! ಕಾಲು ನಡುಗಿದ್ರೆ ಲಿಫ್ಟ್ ಬೀಳಲ್ಲ!"

ಕೊನೆಗೂ ಬಾಗಿಲು ತೆರೆದುಕೊಂಡಿತು. ಲಿಫ್ಟು ಅರ್ಧ ಮಹಡಿ ಕೆಳಗೆ ನಿಂತಿತ್ತು. ಬಿಳಿ ಸಮವಸ್ತ್ರದ ಯುವಕನೊಬ್ಬ ಕತ್ತೆತ್ತಿ ಅವಳನ್ನು ನೋಡಿದ. ಹಣೆಯ ತುಂಬ ಬೆವರು... ಆದರೂ ಎಂಥ ಶಾಂತ ಕಣ್ಣುಗಳು!

"ನೀವಾ... ಮೆಕ್ಯಾನಿಕ್?"

ಅವಳಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ಯಾಕೆ, ಹೆಂಗಸು ತೆಗೆದ ಬಾಗಿಲಿಂದ ಹೊರಗೆ ಬರಲ್ವಾ? ಹಾಗಾದ್ರೆ ಮುಚ್ತೀನಿ, ಇನ್ನೊಂದು ಹಾಡು ಹೇಳ್ಕೊಳ್ಳಿ."

"ಅಯ್ಯೋ, ಬೇಡ ಬೇಡ!" ಅವನು ನಾಲಿಗೆ ಕಚ್ಚಿಕೊಂಡ. "ನಾನು ನಾಲ್ಕನೇ ಮಹಡೀಲಿ ಹಸುಗೂಸುಗಳ ವಾರ್ಡಿನ ನರ್ಸ್. 'ನೀವಾ ನರ್ಸ್?' ಅಂತ ದಿನಾ ನನ್ನನ್ನ ಕೇಳ್ತಾರೆ. ಮೈ ಉರಿಯುತ್ತೆ. ಈಗ ನೋಡಿದ್ರೆ ಅದೇ ಮಾತು ನನ್ನ ಬಾಯಲ್ಲೇ ಬಂತು... ತಪ್ಪಾಯ್ತು."

ಅವಳ ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಕೈ ಚಾಚಿ ಅವನನ್ನು ಮೇಲಕ್ಕೆಳೆದಳು. ಅವನ ಬಿಳಿ ತೋಳಿನ ಮೇಲೆ ಗ್ರೀಸಿನ ಐದು ಕಪ್ಪು ಬೆರಳುಗಳು ಮೂಡಿದವು.

"ಒಗೆದ್ರೆ ಹೋಗುತ್ತೆ," ಎಂದಳು ಸಂಕೋಚದಿಂದ.

"ಹೋಗದಿದ್ರೂ ಪರವಾಗಿಲ್ಲ," ಎಂದ ಅವನು.

ಇಷ್ಟೇ ನೋಡಿ. ಇದಾದ ಮೂರನೇ ವಾರಕ್ಕೆ ಇಬ್ಬರೂ ಒಂದೇ ಚರ್ಚಿನವರೆಂದು ತಿಳಿಯಿತು. ಅವಳು ಬೆಳಗಿನ ಆರಾಧನೆಗೆ ಹೋಗುವವಳು, ಅವನು ಸಂಜೆಯ ಗಾಯನ ತಂಡದವನು. ಅವಳಿಗೆ ಅದ್ಯಾಕೋ ಸಂಜೆಯ ಆರಾಧನೆಯ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಹೆಚ್ಚಿತು. ಅವನು ಅದೇ ವಾರ ಬೆಳಗಿನ ತಂಡಕ್ಕೆ ಸೇರಿಕೊಂಡ. ಹೀಗೆ ಇನ್ನೊಂದು ತಿಂಗಳು ಒಬ್ಬರನ್ನೊಬ್ಬರು ಹುಡುಕಿದ್ದಾಯಿತು!

ವರ್ಷ ತುಂಬುವಷ್ಟರಲ್ಲಿ ಮದುವೆ ನಿಶ್ಚಯವಾಯಿತು. ಅವಳ ಅಪ್ಪ ಸಂತೋಷದಿಂದ ಒಪ್ಪಿದರು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದ ದೊಡ್ಡಮ್ಮ ಮಾತ್ರ ಒಪ್ಪಿದ್ದು ಅರೆಮನಸ್ಸಿನಿಂದ.

ಮದುವೆಗೆ ಮುಂಚೆ ನಾಲ್ಕು ಶನಿವಾರ ಪಾಸ್ಟರ ಮನೆಯಲ್ಲಿ ತರಗತಿ. ಮೂರನೆಯದಕ್ಕೆ ದೊಡ್ಡಮ್ಮನೂ ಬಂದು ಕುಳಿತರು. ಅಂದಿನ ಪಾಠ ಗಂಡ ಹೆಂಡಿರ ಬಗ್ಗೆ ಸತ್ಯವೇದದಲ್ಲಿ ಅಪೊಸ್ತಲ ಬರೆದ ಪತ್ರದ ಭಾಗ.

"ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅಂತ ಸ್ಪಷ್ಟವಾಗಿದೆಯಲ್ಲ ಪಾಸ್ಟರೇ," ಎಂದರು ದೊಡ್ಡಮ್ಮ. "ಮನೆ ಬಿಟ್ಟು ಗಂಡಸರ ಜೊತೆ ಕಬ್ಬಿಣದ ಹಗ್ಗಕ್ಕೆ ನೇತಾಡೋದು ಅಧೀನತೇನಾ?"

ಅವಳು ಅವನ ಮುಖ ನೋಡಿದಳು. ಒಂದು ಮಾತು... ಒಂದೇ ಒಂದು ಮಾತು ಆಡಬಾರದೇ? ಅವನು ತಲೆ ತಗ್ಗಿಸಿ ಲೋಟದ ಅಂಚನ್ನು ಸವರುತ್ತ ಕುಳಿತಿದ್ದ.

ಆ ಮೌನ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತು. ಹಿಂದೊಮ್ಮೆ ಬಂದ ಸಂಬಂಧ ಇದೇ ಕೆಲಸದ ಕಾರಣಕ್ಕೆ ಮುರಿದಿತ್ತು. ಆ ಹುಡುಗನೂ ಮೊದಮೊದಲು ಹೀಗೇ ಸುಮ್ಮನಿರುತ್ತಿದ್ದ.

ಆ ಚರ್ಚಿನಲ್ಲೊಂದು ಪದ್ಧತಿ ಇತ್ತು. ಮದುವೆಗೆ ಮುಂಚೆ ಸತತ ಮೂರು ಭಾನುವಾರ ಪೀಠದಿಂದ ಪ್ರಕಟಣೆ ಓದಬೇಕು. ಒಂದು ವಾರ ತಪ್ಪಿದರೂ ಮತ್ತೆ ಮೊದಲಿನಿಂದ ಶುರು. ಆ ದಿನಗಳು ಪ್ರಾರ್ಥನೆಯ ದಿನಗಳು. ಹುಡುಗ ಹುಡುಗಿ ಪರಸ್ಪರ ಮಾತಾಡುವಂತಿಲ್ಲ, ಫೋನೂ ಇಲ್ಲ. ಹೇಳಲೇಬೇಕಾದದ್ದಿದ್ದರೆ ಮನೆಯ ಹಿರಿಯರ ಕೈಲಿ ಒಂದು ಚೀಟಿ.

ಮೊದಲ ಭಾನುವಾರ ಪಾಸ್ಟರು ಇಬ್ಬರ ಹೆಸರನ್ನೂ ಓದಿ, "ಯಾರಿಗಾದರೂ ಆಕ್ಷೇಪಣೆ ಇದೆಯೇ?" ಎಂದು ಕೇಳಿದಾಗ ಅವಳು ಉಸಿರು ಬಿಗಿ ಹಿಡಿದಿದ್ದಳು. ಯಾರೂ ಏಳಲಿಲ್ಲ. ಗಾಯನ ತಂಡದ ಸಾಲಿನಿಂದ ಅವನು ನಕ್ಕ. ಮೈಯೆಲ್ಲ ಹಗುರಾಯಿತು ಅವಳಿಗೆ!

ಎರಡನೇ ಭಾನುವಾರ ಗಾಯನ ತಂಡದಲ್ಲಿ ಅವನ ಕುರ್ಚಿ ಖಾಲಿಯಿತ್ತು.

ಪಾಸ್ಟರು ಪ್ರಾರ್ಥನಾ ಕೂಟದ ಸಮಯ ಓದಿದರು. ಕಾಯಿಲೆಯವರ ಹೆಸರು ಓದಿದರು. ಪುಸ್ತಕ ಮುಚ್ಚಿದರು.

ಅಷ್ಟೇ. ಅವರಿಬ್ಬರ ಹೆಸರು ಬರಲೇ ಇಲ್ಲ!

ಮುಂದಿನ ಸಾಲಿನ ನಾಲ್ಕಾರು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಆರಾಧನೆ ಮುಗಿಯುವುದನ್ನೂ ಕಾಯದೆ ಅವಳು ಪಕ್ಕದ ಬಾಗಿಲಿಂದ ಹೊರಗೋಡಿದಳು.

ಆ ದಿನ ಪಾಸ್ಟರು ಎರಡು ಸಲ ಫೋನ್ ಮಾಡಿದರು. ಅವಳು ಎತ್ತಲಿಲ್ಲ. ಕೇಳುವುದೇನಿದೆ? ತಾನೇ ಬಂದು ಹೇಳುವ ಧೈರ್ಯ ಅವನಿಗಿಲ್ಲ, ಪಾಸ್ಟರ ಬಾಯಲ್ಲಿ ಹೇಳಿಸುತ್ತಿದ್ದಾನೆ...

"ಹೋಗಿ ಅವನನ್ನೇ ಕೇಳ್ಲಾ ಮಗಳೇ?" ಎಂದರು ಅಪ್ಪ.

"ಬೇಡ ಅಪ್ಪಾ. ಬೇಡ ಅಂದವರ ಮನೆ ಬಾಗಿಲು ತಟ್ಟೋದು ಬೇಡ."

ಹಾಗೆಂದವಳು ಕೋಣೆಯ ಬಾಗಿಲು ಹಾಕಿಕೊಂಡು ದಿಂಬು ಒದ್ದೆ ಮಾಡಿಕೊಂಡಳು. ದೇವರೇ, ಈ ಕೈಗಳನ್ನು ಕೊಟ್ಟವನು ನೀನೇ ಅಲ್ಲವೇ? ಕೆಟ್ಟದ್ದನ್ನು ಸರಿಮಾಡುವ ಬುದ್ಧಿ ಕೊಟ್ಟವನೂ ನೀನೇ. ಮತ್ತೆ ಇದು ನಿನ್ನ ಮಾತಿಗೆ ವಿರುದ್ಧ ಹೇಗಾಗುತ್ತದೆ? ನಾನೇ ಹಟಮಾರಿಯೇ?

ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು. ಬುಧವಾರ ಬೆಳಗ್ಗೆ ಅವಳು ಕೆಲಸಕ್ಕೆ ರಾಜೀನಾಮೆ ಬರೆದು ಜೇಬಿಗಿಟ್ಟುಕೊಂಡಳು. ಅವನನ್ನು ಕಳೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಕೆಲಸ ಬಿಟ್ಟರೆ ಅವನು ಸಿಗುವುದಾದರೆ ಬಿಡೋಣ... ಸಂಜೆ ಮೇಲ್ವಿಚಾರಕರ ಕೈಗೆ ಕೊಟ್ಟುಬಿಡುವುದೆಂದು ನಿರ್ಧರಿಸಿದಳು.

ಅಂದು ಸರ್ವಿಸ್ ಸರದಿ ಅದೇ ಆಸ್ಪತ್ರೆಯದು. ಲಿಫ್ಟು ನಿಲ್ಲಿಸಿ, ಆರನೇ ಮಹಡಿಯ ಮೇಲಿನ ಯಂತ್ರದ ಕೋಣೆಯಲ್ಲಿ ಅವಳು ಹಗ್ಗಗಳಿಗೆ ಎಣ್ಣೆ ಹಾಕುತ್ತಿದ್ದಳು. ಮೂರು ಮಹಡಿ ಕೆಳಗೆ ಅವನಿದ್ದಾನೆ ಎಂದು ನೆನೆದಾಗಲೆಲ್ಲ ಒಂದೇ ಹಗ್ಗಕ್ಕೆ ಎರಡೆರಡು ಸಲ ಎಣ್ಣೆ ಬಳಿಯುತ್ತಿದ್ದಳು.

ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುವ ಸದ್ದು ಕೇಳಿಸಿತು. ತಿರುಗಿದರೆ ದೊಡ್ಡಮ್ಮ! ಮಂಡಿ ನೋವಿನ ಹೆಂಗಸು ಗೋಡೆ ಹಿಡಿದು ನಿಂತಿದ್ದರು.

"ಅಯ್ಯೋ, ಆರೂ ಮಹಡಿ ಹತ್ತಿದ್ರಾ? ಹೇಳಿ ಕಳಿಸಿದ್ರೆ ನಾನೇ ಕೆಳಗೆ ಬರ್ತಿರ್ಲಿಲ್ವಾ!" ಅವಳು ಓಡಿಹೋಗಿ ಉಪಕರಣಗಳ ಪೆಟ್ಟಿಗೆಯ ಮೇಲೆ ಅವರನ್ನು ಕೂರಿಸಿದಳು.

"ಹತ್ತಲೇಬೇಕಿತ್ತು ಬಿಡು. ಅಷ್ಟಾದ್ರೂ ಶಿಕ್ಷೆ ಬೇಡ್ವಾ ನನಗೆ?" ದೊಡ್ಡಮ್ಮ ಕೈಚೀಲದಿಂದ ಸತ್ಯವೇದ ತೆಗೆದರು, ಅದರೊಳಗಿಂದ ಮಡಿಸಿದ ಕಾಗದ ತೆಗೆದರು. "ಶನಿವಾರ ಸಂಜೆ ನಿನಗೆ ಕೊಡು ಅಂತ ಅವನು ಕೊಟ್ಟಿದ್ದು. ನಾನು ಕೊಡಲಿಲ್ಲ."

ಅವಳು ಕಾಗದ ಬಿಡಿಸಿದಳು. ಅದು ಅವನದೇ ಅಕ್ಷರ.

'ಮೇಡಂ ಮೆಕ್ಯಾನಿಕ್, ಒಂದು ಎಡವಟ್ಟಾಗಿದೆ. ನಮ್ಮ ಮದುವೆ ಅರ್ಜೀಲಿ "ಮದುವೆಯ ನಂತರ ವಧುವಿನ ಉದ್ಯೋಗ" ಅನ್ನೋ ಕಡೆ ದೊಡ್ಡಮ್ಮ "ಕೆಲಸ ಬಿಡುತ್ತಾಳೆ" ಅಂತ ತುಂಬಿಸಿದ್ದಾರೆ. ಡ್ಯೂಟಿ ಗಡಿಬಿಡೀಲಿ ಓದದೆ ಸಹಿ ಹಾಕಿದ ದಡ್ಡ ನಾನು. ಇವತ್ತು ಪಾಸ್ಟರು ಹೇಳಿದ ಮೇಲೇ ಗೊತ್ತಾಯ್ತು. ತಿದ್ದೋಕೆ ಇಬ್ಬರ ಸಹಿಯೂ ಬೇಕಂತೆ. ಅಲ್ಲೀವರೆಗೆ ಪ್ರಕಟಣೆ ಓದಬೇಡಿ ಅಂದೆ. ಸುಳ್ಳಿನ ಮೇಲೆ ನಮ್ಮ ಹೆಸರು ಓದೋದು ನಂಗಿಷ್ಟ ಇಲ್ಲ. ನಾಳೆ ಆರಾಧನೆಗೆ ಮುಂಚೆ ಪಾಸ್ಟರ ಕೋಣೇಲಿ ಕಾಯ್ತಿರ್ತೀನಿ. ಬರ್ತೀಯಲ್ಲ?

ಅವತ್ತು ತರಗತೀಲಿ ಸುಮ್ಮನಿದ್ದೆ. ಸಾಕಿದವರ ಎದುರು ನಾಲಿಗೆ ಏಳಲಿಲ್ಲ. ತಪ್ಪು. ಆಮೇಲೆ ಆ ಭಾಗಾನ ಮತ್ತೆ ಮತ್ತೆ ಓದಿದೆ. ಅಲ್ಲಿ ಹೆಂಡತಿಗೆ ಬರೆದದ್ದಿದೆ, ಗಂಡನಿಗೆ ಬರೆದದ್ದೂ ಇದೆ. ಕ್ರಿಸ್ತ ತನ್ನನ್ನೇ ಕೊಟ್ಟ ಹಾಗೆ ನೀನೂ ಕೊಡು ಅಂತ. ನಾವೆಲ್ಲ ಇನ್ನೊಬ್ಬರ ಸಾಲನ್ನ ಜೋರಾಗಿ ಓದ್ತೀವಿ, ನಮ್ಮ ಸಾಲು ಬಂದಾಗ ಪುಟ ತಿರುಗಿಸ್ತೀವಿ. ನಾನು ನನ್ನ ಸಾಲು ಓದ್ಕೋತೀನಿ. ನಿನ್ನದು ನೀನೂ ದೇವರೂ ಕೂತು ಓದ್ಕೊಳ್ಳಿ. ಮನೇಲಿ ಮಕ್ಕಳಾದ್ರೆ ಬಟ್ಟೆ ಬದಲಾಯಿಸೋಕೆ ನಿನಗಿಂತ ನನ್ನ ಕೈ ಚುರುಕು, ಅದಂತೂ ಖಂಡಿತ.'

ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋದವು. ಅಂದರೆ ಆ ಭಾನುವಾರ... ತಾನು ಚರ್ಚಿನೊಳಗೆ ಅವನ ಖಾಲಿ ಕುರ್ಚಿ ನೋಡುತ್ತಿದ್ದಾಗ, ಅವನು ಗೋಡೆಯಾಚೆಯ ಕೋಣೆಯಲ್ಲಿ ತನಗಾಗಿ ಕಾಯುತ್ತಿದ್ದ!

"ನೀನು ಬರಲಿಲ್ಲ ಅಂತ ಅವನು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ," ಎಂದರು ದೊಡ್ಡಮ್ಮ. "'ಅವಳಿಗೆ ಸಿಟ್ಟು ಬಂದಿದೆ, ಸಿಟ್ಟು ಬರಬೇಕಾದದ್ದೇ' ಅಂತಾನೆ. ಮಾತಾಡಬಾರದು ಅನ್ನೋ ನಿಯಮ ಮುರಿಯಲ್ಲ, ನನ್ನ ಮೇಲೆ ಅನುಮಾನಾನೂ ಪಡಲ್ಲ. ಇವತ್ತು ಬೆಳಗ್ಗೆ ನನ್ನ ಮಂಡಿಗೆ ಎಣ್ಣೆ ತಿಕ್ಕಿ ಡ್ಯೂಟಿಗೆ ಹೋದ. ನನಗೆ ತಡಕೊಳ್ಳೋಕಾಗಲಿಲ್ಲ."

"ಯಾಕೆ ಹೀಗ್ ಮಾಡಿದ್ರಿ ದೊಡ್ಡಮ್ಮಾ?" ಅವಳ ದನಿಯಲ್ಲಿ ಸಿಟ್ಟಿತ್ತು. ಇರದೇ ಇರುತ್ತದೆಯೇ?

ದೊಡ್ಡಮ್ಮ ನಿಂತಿದ್ದ ಯಂತ್ರದ ಕಡೆ ತಿರುಗಿದರು. "ಮದುವೆಗೆ ಮುಂಚೆ ನಾನು ಶಾಲೇಲಿ ಭೂಗೋಳ ಹೇಳ್ಕೊಡ್ತಿದ್ದೆ. ನಿನ್ನ ದೊಡ್ಡಪ್ಪ ಬಿಡು ಅಂದ್ರು, ಬಿಟ್ಟೆ. ಅದೇ ದೇವರ ಚಿತ್ತ ಅಂತ ನಂಬಿ ಮೂವತ್ತೆಂಟು ವರ್ಷ ನಡೆಸಿದೆ. ಈಗ ನೀನು ಬಿಡದೇನೂ ಒಳ್ಳೆ ಹೆಂಡತಿ ಆಗಬಹುದು ಅಂದ್ರೆ... ನಾನು ಬಿಟ್ಟಿದ್ದೆಲ್ಲ ಯಾಕೆ ಹೇಳು?"

ಅವಳ ಸಿಟ್ಟು ಕರಗಿತು. ಎಣ್ಣೆ ಕೈ ಎನ್ನುವುದನ್ನೂ ಮರೆತು ಅವರ ಕೈ ಹಿಡಿದುಕೊಂಡಳು.

"ವ್ಯರ್ಥ ಅಲ್ಲ ದೊಡ್ಡಮ್ಮಾ. ನೀವು ಮನೇಲಿದ್ದಿದ್ದಕ್ಕೆ ಅವರು ಹೀಗೆ ಬೆಳೆದಿದ್ದು. ಹಸುಗೂಸನ್ನ ಹಾಗೆ ಎತ್ಕೊಳ್ಳೋದು ಅವರಿಗೆ ಇನ್ಯಾರು ಕಲಿಸಿದ್ರು?"

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಅವಳ ಜೇಬಿನಿಂದ ಇಣುಕುತ್ತಿದ್ದ ಕಾಗದ ಅವರ ಕಣ್ಣಿಗೆ ಬಿತ್ತು. "ಅದೇನು?"

"ರಾಜೀನಾಮೆ."

"ಹುಚ್ಚು ಹುಡುಗಿ!" ದೊಡ್ಡಮ್ಮ ಅದನ್ನು ಕಿತ್ತುಕೊಂಡು, ತಮ್ಮ ಕೈಗಂಟಿದ್ದ ಗ್ರೀಸನ್ನು ಅದರಲ್ಲೇ ಗಸಗಸ ಒರೆಸಿಕೊಂಡರು. "ಹೂಂ, ಇದಕ್ಕೆ ಲಾಯಕ್ಕು. ಈಗ ನಡಿ, ಕೆಳಗೆ ಅವನಿದ್ದಾನೆ. ಮೊದಲು ಆ ಲಿಫ್ಟ್ ಶುರು ಮಾಡು ಮಾರಾಯ್ತಿ, ಇಳಿಯೋಕೆ ನನ್ನ ಕೈಲಾಗಲ್ಲ!"

ನಾಲ್ಕನೇ ಮಹಡಿಯ ಗಾಜಿನಾಚೆ ಅವನು ಅಂಗೈಯಗಲದ ಮಗುವೊಂದನ್ನು ಎದೆಗೊರಗಿಸಿಕೊಂಡು ನಿಂತಿದ್ದ. ಅವಳನ್ನು ಕಂಡು ಮುಖ ಬಿಳಿಚಿತು. ಅವಳ ಕೈಯ ಕಾಗದ ಕಂಡಿತು. ಅವಳ ಹಿಂದೆ ತಲೆ ತಗ್ಗಿಸಿ ನಿಂತ ದೊಡ್ಡಮ್ಮ ಕಂಡರು. ನಿಧಾನವಾಗಿ ಎಲ್ಲ ಅರ್ಥವಾಯಿತು.

ಮಾತಾಡುವಂತಿಲ್ಲವಲ್ಲ! ಅವನು ಮಗುವನ್ನು ತೊಟ್ಟಿಲಲ್ಲಿಟ್ಟು, ಗಾಜಿನ ಬಳಿ ಬಂದು, ಸಹಿ ಹಾಕುವಂತೆ ಗಾಳಿಯಲ್ಲಿ ಬೆರಳಾಡಿಸಿ ಹುಬ್ಬೇರಿಸಿದ. ಅವಳು ಅಳುತ್ತಲೇ ನಕ್ಕು, ಹೂಂ ಹೂಂ ಎಂದು ಹತ್ತು ಸಲ ತಲೆಯಾಡಿಸಿದಳು. ಮೂರು ದಿನದ ಭಾರ ಒಂದೇ ಉಸಿರಿನಲ್ಲಿ ಇಳಿದುಹೋಯಿತು.

ಮುಂದಿನ ಭಾನುವಾರ ಪ್ರಕಟಣೆ ಮತ್ತೆ ಮೊದಲಿನಿಂದ ಶುರುವಾಯಿತು. "ಯಾರಿಗಾದರೂ ಆಕ್ಷೇಪಣೆ ಇದೆಯೇ?" ಎಂದರು ಪಾಸ್ಟರು.

ದೊಡ್ಡಮ್ಮ ಎದ್ದು ನಿಂತರು!

ಇಡೀ ಸಭೆ ಉಸಿರು ಬಿಗಿಹಿಡಿಯಿತು. ಅವಳ ಅಪ್ಪ ಹಾಡಿನ ಪುಸ್ತಕವನ್ನೇ ಕೆಳಗೆ ಬೀಳಿಸಿದರು.

"ಆಕ್ಷೇಪಣೆ ಅಲ್ಲ ಪಾಸ್ಟರೇ. ಹೋದ ವಾರ ಪ್ರಕಟಣೆ ನಿಂತಿದ್ದು ನನ್ನಿಂದ, ಮಕ್ಕಳಿಂದಲ್ಲ. ಯಾರೂ ಇಲ್ಲಸಲ್ಲದ್ದು ಆಡಬೇಡಿ. ನನ್ನ ಸೊಸೆ ಲಿಫ್ಟ್ ಮೆಕ್ಯಾನಿಕ್. ಮದುವೆ ಆದ ಮೇಲೂ ಅದೇ. ಇಷ್ಟು ಹೇಳಬೇಕಿತ್ತು." ಕುಳಿತ ದೊಡ್ಡಮ್ಮ ಮತ್ತೆ ಅರ್ಧ ಎದ್ದರು. "ಯಾರ ಮನೆ ಲಿಫ್ಟಾದ್ರೂ ಕೆಟ್ಟಿದ್ರೆ ಹೇಳಿ."

ಸಭೆಯೆಲ್ಲ ನಗೆಯಲ್ಲಿ ಮುಳುಗಿತು. ಪಾಸ್ಟರೂ ಕನ್ನಡಕ ತೆಗೆದು ಒರೆಸಿಕೊಂಡರು.

ಮೂರು ವಾರ ಕಳೆದು, ಮದುವೆಯಾಗಿ, ಅತಿಥಿಗಳ ಗದ್ದಲ ಮುಗಿದ ಮಧ್ಯಾಹ್ನ, ಅವರಿಬ್ಬರು ತಮ್ಮ ಬಾಡಿಗೆ ಮನೆಯಿದ್ದ ಕಟ್ಟಡದ ಲಿಫ್ಟಿನ ಮುಂದೆ ನಿಂತಿದ್ದರು. ಅವನು ಮೆಟ್ಟಿಲುಗಳ ಕಡೆ ಆಸೆಯಿಂದ ನೋಡಿದ.

"ಏಳನೇ ಮಹಡಿ ಕಣ್ರೀ," ಎಂದಳು ಅವಳು. "ಈ ಸೀರೆ ಉಟ್ಕೊಂಡು ನಾನಂತೂ ಹತ್ತಲ್ಲ."

ಬಾಗಿಲು ಮುಚ್ಚಿಕೊಂಡಿತು. ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಒಂದು ವಿಷಯ ಹೇಳ್ಲಾ? ಆ ಗ್ರೀಸಿನ ಅಂಗಿ ನಾನು ಒಗೆದೇ ಇಲ್ಲ. ಬೀರೂಲಿದೆ."

"ಛೀ! ಒಂದು ವರ್ಷದಿಂದಾನಾ?"

"ಮೊದಲ ಸಲ ನೀನು ನನ್ನ ಕೈ ಹಿಡಿದಿದ್ದು ಅವತ್ತೇ ಅಲ್ವಾ... ಅವತ್ತೇ ಗೊತ್ತಾಗಿತ್ತು ನಂಗೆ, ನೀನೇ ಅಂತ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು. ಲಿಫ್ಟು ಮೆಲ್ಲಗೆ ಮೇಲೇರತೊಡಗಿತು.

"ಕಾಲು ನಡುಗ್ತಿದೆ," ಎಂದ ಅವನು ಪಿಸುದನಿಯಲ್ಲಿ. "ಹಾಡ್ಲಾ?"

"ಹಾಡಿ," ಎಂದಳು ಅವಳು. "ಇವತ್ತು ನಾನೂ ಹಾಡ್ತೀನಿ."