ಎಡಗಡೆಯ ಜಾಗ

"ಕಾಜಾ ಇವತ್ತೂ ಒಳಗೆ ಬರಲ್ವಂತಾ?" ಎಂದು ಮಾಸ್ಟರ್ ತಮ್ಮ ಅಕ್ಕನನ್ನು ಕೇಳಿದರು.

ನಾನು ಅವರ ಎಡಗಡೆಯ ಸ್ಟೂಲಿನ ಮೇಲೆಯೇ ಕೂತಿದ್ದೆ, ಮೊಣಕೈ ತಾಗುವಷ್ಟು ಹತ್ತಿರ.

"ಇಲ್ಲೇ ಇದ್ದೀನಲ್ಲ ಮಾಸ್ಟರ್," ಎಂದೆ.

ಅವರು ಬಲಕ್ಕೆ ತಿರುಗಿ ಬಾಗಿಲಿನತ್ತ ನೋಡಿದರು. "ಹೊರಗೆ ನಿಂತೇ ಮಾತಾಡ್ತಾಳೆ. ನನ್ನ ಮುಖ ನೋಡೋಕೂ ಬೇಜಾರು ಅವಳಿಗೆ."

"ನಿನ್ನ ಎಡಕ್ಕೇ ಇದ್ದಾಳೆ ಕಣೋ," ಎಂದರು ಅಕ್ಕ.

"ಎಲ್ಲಾ ಕಡೆ ನೋಡಿದೆ. ಸಮಾಧಾನಕ್ಕೆ ಸುಳ್ಳು ಹೇಳ್ಬೇಡ."

ಅವರದು ಹೊಲಿಗೆ ಅಂಗಡಿ. ಬಟ್ಟೆ ಕತ್ತರಿಸುವುದು ಅವರು. ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾ ಹೊಲಿಯುವುದು ನನ್ನದು. ನನಗೆ ಕಾಜಾ ಎಂದು ಹೆಸರಿಟ್ಟವರೂ ಅವರೇ. ಮೊದಲಿನಿಂದಲೂ ನನ್ನ ಜಾಗ ಅವರ ಎಡಕ್ಕೆ. ಕತ್ತರಿ ಕೇಳುವ ನೆಪದಲ್ಲಿ ನನ್ನ ಕಡೆ ತಿರುಗುತ್ತಿದ್ದರು. ಕತ್ತರಿ ಅವರ ಕೈಯಲ್ಲೇ ಇರುತ್ತಿತ್ತು. ನಾನು ತಲೆಯೆತ್ತದೆ ನಗುತ್ತಿದ್ದೆ. ಇಬ್ಬರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳಿದರಾಯಿತು, ಎಲ್ಲಿಗೆ ಹೋಗುತ್ತೇವೆ ಎಂದುಕೊಂಡಿದ್ದೆ.

ಆಮೇಲೆ ಅವರು ಸ್ಕೂಟರಿನಿಂದ ಬಿದ್ದರು. ತಲೆಯ ಬಲಭಾಗಕ್ಕೆ ಪೆಟ್ಟು.

"ಕಣ್ಣು ಚೆನ್ನಾಗಿದೆ," ಎಂದರು ಡಾಕ್ಟರು. "ಆದ್ರೆ ಎಡಗಡೆ ಅಂತ ಒಂದಿದೆ ಅನ್ನೋದನ್ನೇ ಮೆದುಳು ಮರೆತಿದೆ. ನೀವು ಎಡಗಡೆಯಿಂದ ಕರೆದ್ರೂ ಬಲಕ್ಕೇ ಹುಡುಕ್ತಾರೆ. ಪೆಟ್ಟು ಬೀಳದ ಭಾಗಗಳು ಆ ಕೆಲಸ ನಿಧಾನವಾಗಿ ಕಲೀಬಹುದು. ಎಷ್ಟು ಅಂತ ಈಗಲೇ ಹೇಳಕ್ಕಾಗಲ್ಲ."

ತಟ್ಟೆಯ ಎಡಭಾಗದ ಊಟವನ್ನು ಹಾಗೇ ಬಿಟ್ಟು ಇನ್ನೂ ಹಸಿವು ಎನ್ನುತ್ತಿದ್ದರು. ಅಂಗಡಿಗೆ ಬಂದ ಮೇಲೆ ಮೊದಲು ಹೊಲಿದ ಅಂಗಿಗೆ ಒಂದೇ ತೋಳು. "ಹೇಗಿದೆ?" ಎಂದು ಹೆಮ್ಮೆಯಿಂದ ಎತ್ತಿ ಹಿಡಿದರು. ನಾನು ಹಿಂದಿನ ಕೋಣೆಗೆ ಹೋಗಿ ಅತ್ತೆ.

ಅಕ್ಕನಿಗೆ ತಡೆಯಲಾಗಲಿಲ್ಲ. "ಬಲಕ್ಕೆ ಬಂದು ಕೂತ್ಕೋ ತಾಯಿ. ನೀನು ಕೈಬಿಟ್ಟೆ ಅಂತ ಕೊರಗ್ತಿದ್ದಾನೆ."

"ನಾನೂ ಬಲಕ್ಕೆ ಬಂದ್ಬಿಟ್ರೆ ಅವರು ಎಡಕ್ಕೆ ತಿರುಗೋದು ಯಾರಿಗೋಸ್ಕರ ಅಕ್ಕ?"

ಹಟಮಾರಿ ಎನ್ನಿ, ಪರವಾಗಿಲ್ಲ. ಒಳಗೊಳಗೇ ಹೆದರಿಕೆಯಿತ್ತು. ಅವರು ತಿರುಗುವಷ್ಟರಲ್ಲಿ ನನ್ನ ಮೇಲಿನ ಆಸೆಯನ್ನೇ ಬಿಟ್ಟುಬಿಟ್ಟರೆ?

ಡಾಕ್ಟರು ಹೇಳಿದಂತೆ ಮೇಜಿನ ಎಡ ಅಂಚಿಗೆ ಕೆಂಪು ಬಟ್ಟೆಯ ಪಟ್ಟಿ ಅಂಟಿಸಿದೆ. "ಕೆಂಪು ಕಾಣೋವರೆಗೂ ನೋಡು," ಎಂದು ಅಕ್ಕ ದಿನವೂ ಹೇಳುತ್ತಿದ್ದರು. ಮಾಸ್ಟರ್ ಅವರ ನೋಟ ಮೇಜಿನ ನಡುವೆಯೇ ನಿಂತುಬಿಡುತ್ತಿತ್ತು. ಒಂದು ದಿನ ಗೇಣಿನಷ್ಟು ಮುಂದೆ ಬಂದರೆ ಮರುದಿನ ಮತ್ತೆ ಹಿಂದಕ್ಕೆ.

ಒಂದು ಮಧ್ಯಾಹ್ನ ಅವರು ಕತ್ತರಿ ಕೆಳಗಿಟ್ಟರು. "ಕಾಜಾಗೆ ಬೇರೆ ಕಡೆ ಕೆಲಸ ನೋಡ್ಕೊಳ್ಳೋಕೆ ಹೇಳಕ್ಕ. ಅವಳಿಗೂ ಒಂದು ಬದುಕಿದೆ."

ನಾನು ಮಾತಾಡಿದರೆ ಅವರು ಬಾಗಿಲ ಕಡೆ ನೋಡುತ್ತಾರೆ. ಅದಕ್ಕೇ ಸುಮ್ಮನೆ ಅವರ ಎಡಗೈ ಹಿಡಿದೆ. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಗಟ್ಟಿಯಾಗಿ ಒತ್ತಿದೆ.

ಅವರ ನೋಟ ಮೇಜಿನ ನಡುವಿನಿಂದ ಹೊರಟಿತು. ಕೆಂಪು ಪಟ್ಟಿಯ ಹತ್ತಿರ ತಡವರಿಸಿತು. ದಾಟಿತು. ನನ್ನ ಬೆರಳು, ಸೀರೆಯ ಸೆರಗು, ಕೊನೆಗೆ ನನ್ನ ಮುಖ.

"ನೀನು... ಇಲ್ಲಿದ್ಯಾ?"

"ಇಲ್ಲೇ ಇದ್ದೆ."

"ಯಾವಾಗಿಂದ?"

"ಕತ್ತರಿ ಕೈಲಿಟ್ಕೊಂಡೇ ಕತ್ತರಿ ಕೇಳ್ತಿದ್ರಲ್ಲ, ಆವಾಗಿಂದ."

ಅವರ ಕಿವಿ ಕೆಂಪಾಯಿತು. "ಗೊತ್ತಿತ್ತಾ ನಿಂಗೆ? ಹೋಗ್ಬೇಡ ಕಾಜಾ. ನಂಗೆ ನೀನು ಬೇಕು."

"ನಂಗೂ ನೀವು ಬೇಕು," ಎಂದೆ. ಹೇಳುವಷ್ಟರಲ್ಲಿ ಅವರ ನೋಟ ಬಲಕ್ಕೆ ಜಾರಿತ್ತು.

"ಮತ್ತೆ ಹೋದ್ಯಾ?" ಎಂದರು.

ನಾನು ಹಿಡಿದಿದ್ದ ಎಡಗೈಯನ್ನು ಮತ್ತೆ ಗಟ್ಟಿಯಾಗಿ ಒತ್ತಿದೆ.

"ಇರು, ಬರ್ತೀನಿ," ಎಂದು ಅವರು ಮೇಜಿನ ನಡುವಿನಿಂದ ಮತ್ತೆ ಹುಡುಕತೊಡಗಿದರು.